ನೆರೆ ಬಂದಾಗ ಮನೆ ನಾಯಿಗೆ ಜಾಗ ಎಲ್ಲಿ?

ಚಂಡಮಾರುತ ಬರುವಾಗ ನಾಯಿಯನ್ನು ಹೊರಗೆ ಕಟ್ಟಿ ಹೋದರೆ ಐದು ವರ್ಷದವರೆಗೆ ಜೈಲು. ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಇಂಥ ಕಾನೂನು 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅದಕ್ಕೆ ಕೆಲವೇ ದಿನ ಮೊದಲು, ಸೆಪ್ಟೆಂಬರ್ ಕೊನೆಯಲ್ಲಿ, ನಮ್ಮಲ್ಲಿ ಭೀಮಾ ನದಿ ಉಕ್ಕಿತ್ತು. ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳ ನದಿದಂಡೆಯ ಊರುಗಳ ಜನ ಮನೆ ಬಿಟ್ಟು ಕಾಳಜಿ ಕೇಂದ್ರ ಸೇರಿದ್ದರು.

ಈ ಎರಡು ಸುದ್ದಿಯನ್ನು ಜೊತೆಗಿಟ್ಟು ಓದಿದವರಿಗೆ ಗೊಂದಲ ಆಗುವುದು ಸಹಜ. ನಾಯಿಯನ್ನು ಬಿಟ್ಟು ಬಂದರೆ ನಮ್ಮಲ್ಲೂ ಅಪರಾಧವಾ? ಕರೆದುಕೊಂಡು ಹೊರಟರೆ ಬೋಟ್‌ಗೆ ಹತ್ತಿಸಿಕೊಳ್ಳುತ್ತಾರಾ? ಕೇಂದ್ರದ ಒಳಗೆ ಬಿಡುತ್ತಾರಾ? ಮನುಷ್ಯರಿಗೇ ಜಾಗ ಇಲ್ಲದ ಹೊತ್ತಲ್ಲಿ ನಾಯಿಯ ಮಾತು ಯಾಕೆ ಅಂತ ಕೇಳುವವರೂ ಇದ್ದಾರೆ. ಆ ಪ್ರಶ್ನೆಗೂ ಉತ್ತರ ಬೇಕು. ಯಾಕೆಂದರೆ ನಾಯಿಗೆ ಜಾಗ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಎಷ್ಟೋ ಮನೆಗಳಲ್ಲಿ ಮನುಷ್ಯರು ಹೊರಡುತ್ತಾರೋ ಇಲ್ಲವೋ ಅನ್ನುವುದು ನಿಂತಿರುತ್ತದೆ.

ಫ್ಲೋರಿಡಾದ ಕಾನೂನು ಹೇಳುವುದೇನು

2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಚಂಡಮಾರುತ ಫ್ಲೋರಿಡಾಕ್ಕೆ ಅಪ್ಪಳಿಸುವ ಮುನ್ನ, ಟ್ಯಾಂಪಾ ಹತ್ತಿರದ ಹೆದ್ದಾರಿ ಪಕ್ಕದ ಬೇಲಿಗೆ ಯಾರೋ ಒಂದು ನಾಯಿಯನ್ನು ಕಟ್ಟಿ ಹೋಗಿದ್ದರು. ನೀರು ಅದರ ಎದೆಯವರೆಗೆ ಬಂದಿತ್ತು. ಗಸ್ತಿನಲ್ಲಿದ್ದ ಹೆದ್ದಾರಿ ಪೊಲೀಸರು ಅದನ್ನು ಬಿಡಿಸಿದರು. ಆ ವಿಡಿಯೊ ಎಲ್ಲ ಕಡೆ ಹರಿದಾಡಿತು. ಆ ನಾಯಿಗೆ ಆಮೇಲೆ ಟ್ರೂಪರ್ ಅಂತ ಹೆಸರಿಟ್ಟರು. ಕಾನೂನಿಗೂ ಅದೇ ಹೆಸರು ಬಂತು.

ಇದನ್ನು 'ನಾಯಿ ಕರೆದುಕೊಂಡು ಹೋಗದಿದ್ದರೆ ಜೈಲು' ಅಂತ ಅರ್ಥ ಮಾಡಿಕೊಂಡರೆ ತಪ್ಪಾಗುತ್ತದೆ. ವಿಪತ್ತಿನ ಹೊತ್ತಲ್ಲಿ ನಾಯಿಯನ್ನು ಹೊರಗೆ ಕಟ್ಟಿಹಾಕಿ, ನೋಡಿಕೊಳ್ಳುವವರಿಲ್ಲದೆ ಬಿಟ್ಟು ಹೋಗುವುದು ಇಲ್ಲಿನ ಅಪರಾಧ. ಜೈಲಿನ ಜೊತೆ 10,000 ಡಾಲರ್‌ವರೆಗೆ ದಂಡವೂ ಇದೆ.

ಅಷ್ಟು ಬಿಗಿ ಕಾನೂನು ಅಲ್ಲಿ ಒಪ್ಪಿಗೆಯಾಗಿದ್ದಕ್ಕೆ ಒಂದು ಹಿನ್ನೆಲೆ ಇದೆ. ನಾಯಿಗೂ ಜಾಗ ಇರಬೇಕು ಅನ್ನುವ ಏರ್ಪಾಟು ಅಮೆರಿಕದಲ್ಲಿ ಶುರುವಾಗಿ ಆಗಲೇ ಸುಮಾರು ಎರಡು ದಶಕ ಆಗಿತ್ತು. ಶಿಕ್ಷೆ ಬಂದದ್ದು ಅದರ ನಂತರ.

ಕತ್ರಿನಾ ಕಲಿಸಿದ್ದು

2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು. ಆಗಿನ ಆಶ್ರಯ ಕೇಂದ್ರಗಳಲ್ಲಿ, ಜನರನ್ನು ಸಾಗಿಸಿದ ಬಸ್ಸುಗಳಲ್ಲಿ ಸಾಕುಪ್ರಾಣಿಗಳಿಗೆ ಪ್ರವೇಶ ಇರಲಿಲ್ಲ. ಬಸ್ ಹತ್ತುವಾಗ ಒಬ್ಬ ಹುಡುಗನ ಕೈಯಿಂದ ಅವನ ಪುಟ್ಟ ಬಿಳಿ ನಾಯಿಯನ್ನು ಕಿತ್ತುಕೊಂಡ ಸುದ್ದಿ ಆಗ ಇಡೀ ದೇಶವನ್ನು ಕಲಕಿತ್ತು.

ಆದರೆ ಆಡಳಿತದವರು ಯೋಚನೆ ಬದಲಿಸಲು ಇನ್ನೂ ಗಟ್ಟಿ ಕಾರಣ ಇತ್ತು. ಮನೆ ಬಿಟ್ಟು ಹೊರಡದೇ ಉಳಿದವರನ್ನು ಮರುವರ್ಷ ಫ್ರಿಟ್ಜ್ ಇನ್‌ಸ್ಟಿಟ್ಯೂಟ್ ಸಮೀಕ್ಷೆಯಲ್ಲಿ ಮಾತಾಡಿಸಿದಾಗ, ಅವರಲ್ಲಿ ಶೇ 44ರಷ್ಟು ಜನ ಸಾಕುಪ್ರಾಣಿಯನ್ನು ಬಿಟ್ಟು ಬರಲಾಗದ್ದೂ ಒಂದು ಕಾರಣ ಎಂದಿದ್ದರು. ಅಂದರೆ 'ನಾಯಿ ಬೇಡ' ಎಂಬ ನಿಯಮ ಬೋಟಿನ ಸೀಟು ಉಳಿಸಲಿಲ್ಲ. ಮೊದಲ ದಿನವೇ ಹೊರಡಬಹುದಿದ್ದವರು ಮೂರನೇ ದಿನ ತಾರಸಿ ಮೇಲೆ ಸಿಕ್ಕಿಬಿದ್ದರೆ, ಅದೇ ಬೋಟ್ ಹೆಚ್ಚು ಆಳದ, ಹೆಚ್ಚು ಅಪಾಯದ ನೀರಿನಲ್ಲಿ ಅವರಿಗಾಗಿ ಹೋಗಬೇಕಾಗುತ್ತದೆ.

ಇನ್ನೊಂದು ಬಗೆಯ ಅಪಾಯ ವಾಪಸ್ ಹೋಗುವವರದ್ದು. ಹೊರಬಂದ ಮೇಲೆ ನಾಯಿಯ ನೆನಪಾಗಿ, ಪೊಲೀಸರ ಕಣ್ಣು ತಪ್ಪಿಸಿ ನೀರಿಗೆ ಇಳಿಯುವವರು ಎಲ್ಲ ದೇಶಗಳಲ್ಲೂ ಇದ್ದಾರೆ. 1997ರಲ್ಲಿ ಕ್ಯಾಲಿಫೋರ್ನಿಯಾದ ಯೂಬಾ ಕೌಂಟಿಯ ನೆರೆಯ ಬಗ್ಗೆ ನಡೆದ ಅಧ್ಯಯನದಲ್ಲೂ, ಅನುಮತಿಗೆ ಮೊದಲೇ ಮನೆಗೆ ಮರಳಿದವರಲ್ಲಿ ಹೆಚ್ಚಿನವರು ಸಾಕುಪ್ರಾಣಿಗಾಗಿ ಹೋದವರೇ.

ಹೀಗಾಗಿ 2006ರ ಅಕ್ಟೋಬರ್‌ನಲ್ಲಿ ಅಮೆರಿಕ ಒಂದು ಕಾನೂನು ತಂದಿತು. ರಾಜ್ಯಗಳ ಮತ್ತು ಸ್ಥಳೀಯ ಆಡಳಿತಗಳ ವಿಪತ್ತು ಯೋಜನೆಯಲ್ಲಿ ಸಾಕುಪ್ರಾಣಿ ಇರುವ ಕುಟುಂಬಗಳ ಅಗತ್ಯವೂ ಸೇರಿರಬೇಕು ಎಂದು ಅದು ಹೇಳುತ್ತದೆ.

ನಮ್ಮ ಕಾನೂನಿನಲ್ಲಿ ಏನಿದೆ, ಏನಿಲ್ಲ

ನಮ್ಮಲ್ಲಿ ಕಾನೂನೇ ಇಲ್ಲ ಅನ್ನುವುದು ಸರಿಯಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸರಿಯಾದ ಕಾರಣ ಇಲ್ಲದೆ ಪ್ರಾಣಿಯನ್ನು ಹಸಿವು, ಬಾಯಾರಿಕೆಯಲ್ಲಿ ನರಳುವ ಹಾಗೆ ಬಿಟ್ಟು ಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ದಶಕಗಳೇ ಕಳೆದರೂ ಇದು ಬದಲಾಗಿಲ್ಲ. ದಂಡ ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ 2022ರಲ್ಲಿ ಜನರ ಮುಂದಿಟ್ಟಿತ್ತು. ಮೇಲಾಗಿ, ನೆರೆಯಲ್ಲಿ ಜೀವ ಉಳಿಸಿಕೊಳ್ಳಲು ಓಡಿದವರಿಗೆ 'ಸರಿಯಾದ ಕಾರಣ' ಇರಲಿಲ್ಲ ಅಂತ ಯಾವ ಕೋರ್ಟ್ ತಾನೇ ಹೇಳುತ್ತದೆ?

2005ರ ವಿಪತ್ತು ನಿರ್ವಹಣಾ ಕಾಯ್ದೆ ವಿಪತ್ತು ಎಂದರೆ ಏನು ಅಂತ ವಿವರಿಸುವಾಗ ಜೀವಹಾನಿ, ಮನುಷ್ಯರ ಸಂಕಟ, ಆಸ್ತಿ ನಷ್ಟ, ಪರಿಸರದ ಹಾನಿಯ ಮಾತಾಡುತ್ತದೆ. ಪ್ರಾಣಿ ಅನ್ನುವ ಪದ ಆ ವಿವರಣೆಯಲ್ಲಿ ಇಲ್ಲ. ಆದರೂ ಜಾನುವಾರುಗಳಿಗೆ ಒಂದಿಷ್ಟು ವ್ಯವಸ್ಥೆ ಇದೆ. ನೆರೆ ಬಂದರೆ ಮೇವು ಬರುತ್ತದೆ, ಪಶು ವೈದ್ಯರು ಬರುತ್ತಾರೆ, ಸತ್ತರೆ ಪರಿಹಾರವೂ ಸಿಗುತ್ತದೆ. 2022ರಿಂದ 2026ರವರೆಗಿನ ಕೇಂದ್ರ ಸರ್ಕಾರದ ಮಾನದಂಡದಂತೆ ಹಸು, ಎಮ್ಮೆಗೆ 37,500 ರೂಪಾಯಿ, ಕುರಿ, ಮೇಕೆಗೆ 4,000, ಕೋಳಿಗೆ 100 ನಿಗದಿಯಾಗಿತ್ತು. ಈ ಪಟ್ಟಿಯಲ್ಲಿ ನಾಯಿ ಇರಲಿಲ್ಲ.

ಇದರ ಪರಿಣಾಮ ಬಾಗಲಕೋಟೆ ಜಿಲ್ಲೆಯ ಮುಧೋಳದ ಕಡೆ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಮುಧೋಳ ತಳಿಯ ನಾಯಿಗೆ ದೇಶದಲ್ಲೇ ಹೆಸರಿದೆ. ಹತ್ತಿರದ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಮುಧೋಳಕ್ಕೆ ಘಟಪ್ರಭಾ ನದಿಯ ನೆರೆಯೂ ತಪ್ಪಿದ್ದಲ್ಲ. 2019ರಲ್ಲಿ ಬಂತು, 2024ರಲ್ಲೂ ಬಂತು. ಅಲ್ಲಿನ ಕುರಿಗಾಹಿಗೆ ನಾಯಿ ಅಂದರೆ ಬರೀ ಮುದ್ದಿಗೆ ಸಾಕಿದ್ದಲ್ಲ. ರಾತ್ರಿ ಹಟ್ಟಿ ಕಾಯುವುದು ಅದೇ, ತೋಳವನ್ನು ಅಟ್ಟುವುದೂ ಅದೇ. ಕುರಿ ಕೊಚ್ಚಿಹೋದರೆ ಲೆಕ್ಕಕ್ಕೆ ಬರುತ್ತದೆ, ಕುರಿ ಕಾಯುವ ನಾಯಿ ಹೋದರೆ ಬರುವುದಿಲ್ಲ. ದುಡ್ಡಿಗಿಂತಲೂ ದೊಡ್ಡ ತೊಂದರೆ ಇಲ್ಲಿದೆ. ಲೆಕ್ಕದಲ್ಲಿ ಇಲ್ಲದ ಪ್ರಾಣಿಗೆ ಮುಂದಿನ ವರ್ಷದ ಯೋಜನೆಯಲ್ಲೂ ಜಾಗ ಸಿಗುವುದಿಲ್ಲ. ತಾಲ್ಲೂಕಿನಲ್ಲಿ ಎಷ್ಟು ನಾಯಿ ಇವೆ, ಎಷ್ಟು ಲಸಿಕೆ ಬೇಕು, ಯಾವ ಊರಿನಲ್ಲಿ ಜಾಸ್ತಿ ಅಂತ ಯಾರೂ ಕೇಳುವುದಿಲ್ಲ.

ಕೇಂದ್ರದ ಬಾಗಿಲಲ್ಲಿ ಎರಡು ವಾದ

ಕಾಳಜಿ ಕೇಂದ್ರ ಸಾಮಾನ್ಯವಾಗಿ ಒಂದು ಸರ್ಕಾರಿ ಶಾಲೆ, ಹಾಸ್ಟೆಲ್, ಸಮುದಾಯ ಭವನ ಅಥವಾ ಕಲ್ಯಾಣ ಮಂಟಪ. ಒಂದು ಕೋಣೆಯಲ್ಲಿ ನಾಲ್ಕಾರು ಕುಟುಂಬ. ನೆಲದ ಮೇಲೆ ಚಾಪೆ, ಮೂಲೆಯಲ್ಲಿ ಗಂಟುಮೂಟೆ, ಬಾಣಂತಿ, ಕೂಸು, ಕೆಮ್ಮುವ ಅಜ್ಜ. ಹೊರಗೆ ಬಿಸಿಯೂಟದ ಕೋಣೆಯಲ್ಲಿ ಅಡುಗೆ. ಇಂಥ ಕಡೆ ನಾಯಿ ಬೇಡ ಅನ್ನುವವರನ್ನು ಕಲ್ಲು ಮನಸ್ಸಿನವರು ಅಂತ ಬೈಯುವುದು ಅನ್ಯಾಯ.

ಅವರ ಮಾತಿನಲ್ಲಿ ಹುರುಳಿದೆ. ಹೆದರಿದ ನಾಯಿ ಕಚ್ಚಬಹುದು. ಲಸಿಕೆ ಹಾಕಿಸಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ರೇಬಿಸ್ ಭಯ. ಮಲಮೂತ್ರದ ಸಮಸ್ಯೆ. ಇನ್ನೊಂದು ನಾಯಿ ಕಂಡರೆ ಜಗಳ. ಕೆಲವರಿಗೆ ಅಲರ್ಜಿ, ಕೆಲವರಿಗೆ ಮೈಲಿಗೆ ಅನ್ನುವ ಭಾವನೆ. ರಕ್ಷಣಾ ತಂಡದವರ ಕಷ್ಟ ಬೇರೆ. ರಬ್ಬರ್ ಬೋಟ್‌ನಲ್ಲಿ ಗಾಬರಿಯಾದ ದೊಡ್ಡ ನಾಯಿ ಒಂದು ಬದಿಗೆ ಎಗರಿದರೆ ಬೋಟ್ ವಾಲುತ್ತದೆ. ಸೆಳೆತ ಇರುವ ನೀರಿನಲ್ಲಿ ಅದು ಸಣ್ಣ ವಿಷಯ ಅಲ್ಲ.

ಇನ್ನೊಂದು ಕಡೆಯವರು ಹೇಳುವುದು ಹೀಗೆ: ಬೇಡ ಅಂದ ಕೂಡಲೇ ನಾಯಿ ಮಾಯವಾಗುವುದಿಲ್ಲ, ನಾಯಿಯ ಜೊತೆ ಅದರ ಮನೆಯವರೂ ಹಿಂದೆ ಉಳಿಯುತ್ತಾರೆ. 2018ರ ಆಗಸ್ಟ್‌ನ ಕೇರಳ ನೆರೆಯಲ್ಲಿ ತ್ರಿಶೂರಿನ ಮಹಿಳೆಯೊಬ್ಬರು ತಮ್ಮ 25 ನಾಯಿಗಳನ್ನು ಬಿಟ್ಟು ಬೋಟ್ ಹತ್ತಲು ಒಪ್ಪಲಿಲ್ಲ. ಕೊನೆಗೆ ಪ್ರಾಣಿ ರಕ್ಷಣೆಯವರು ಹೋಗಿ ಎಲ್ಲವನ್ನೂ ಕರೆತಂದರು. ಅದು ವಿಪರೀತದ ಉದಾಹರಣೆ ಇರಬಹುದು. ಒಂದು ನಾಯಿ ಸಾಕಿರುವ ಒಬ್ಬ ಅಜ್ಜಿಯ ಮನಸ್ಸೂ ಹಾಗೇ ಕೆಲಸ ಮಾಡುತ್ತದೆ, ಅಲ್ವಾ?

ಈ ಜಗಳ ಬಗೆಹರಿಯದಂತೆ ಕಾಣುವುದಕ್ಕೆ ಕಾರಣ, ಇಬ್ಬರೂ ಒಂದೇ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿರುವುದು. ನಾಯಿ ಮನುಷ್ಯರ ಚಾಪೆಯ ಪಕ್ಕವೇ ಮಲಗಬೇಕಿಲ್ಲ. ಅದೇ ಆವರಣದಲ್ಲಿ ಇದ್ದರೆ ಸಾಕು. ಅಮೆರಿಕದ ಎಷ್ಟೋ ಕಡೆ ಜನರ ಕೇಂದ್ರದ ಪಕ್ಕದಲ್ಲೇ ಪ್ರಾಣಿಗಳ ಕೇಂದ್ರ ಇರುತ್ತದೆ. ಊಟ ಹಾಕುವುದು, ಓಡಾಡಿಸುವುದು, ಗಲೀಜು ತೆಗೆಯುವುದು ಮಾಲೀಕರದೇ ಕೆಲಸ. ಇದರಿಂದ ಸಿಬ್ಬಂದಿಯ ಹೊರೆ ಕಡಿಮೆ. ಪರಿಚಯದ ಕೈ ಇರುವುದರಿಂದ ನಾಯಿಯೂ ಕಡಿಮೆ ಹೆದರುತ್ತದೆ. ನಮ್ಮ ಪ್ರೌಢಶಾಲೆಗಳಲ್ಲಿ ಸೈಕಲ್ ಸ್ಟ್ಯಾಂಡ್ ಇದ್ದರೆ ಅದು ಇದಕ್ಕೆ ಹೇಳಿ ಮಾಡಿಸಿದಂತಿದೆ: ಮೇಲೆ ಶೀಟು, ಸುತ್ತ ಗಾಳಿ, ಕಟ್ಟಲು ಕಂಬ, ಅಡುಗೆ ಕೋಣೆಯಿಂದ ದೂರ.

ಜಪಾನ್‌ನಲ್ಲೂ ಗೊಂದಲ ಆಯಿತು

2011ರ ಭೂಕಂಪ, ಸುನಾಮಿ ಮತ್ತು ಫುಕುಶಿಮಾ ಅಣು ದುರಂತದಲ್ಲಿ ಜಪಾನ್ ಒಂದು ಕಹಿ ಪಾಠ ಕಲಿಯಿತು. ನಾಲ್ಕು ದಿನದಲ್ಲಿ ವಾಪಸ್ ಬರುತ್ತೇವೆ ಅಂದುಕೊಂಡು ನಾಯಿಗೆ ಒಂದಿಷ್ಟು ಅನ್ನ, ನೀರು ಇಟ್ಟು ಜನ ಹೊರಟರು. ಆಮೇಲೆ ಆ ಪ್ರದೇಶಕ್ಕೆ ಪ್ರವೇಶವನ್ನೇ ಮುಚ್ಚಲಾಯಿತು. ಕಟ್ಟಿಹಾಕಿದ್ದ ನಾಯಿಗಳು ಇದ್ದಲ್ಲೇ ಸತ್ತವು.

2013ರಲ್ಲಿ ಅಲ್ಲಿನ ಪರಿಸರ ಸಚಿವಾಲಯ ಮಾರ್ಗಸೂಚಿ ಹೊರಡಿಸಿ, ಹೊರಡುವಾಗ ಸಾಕುಪ್ರಾಣಿಯನ್ನೂ ಕರೆದುಕೊಂಡೇ ಹೊರಡಿ ಅಂತ ಹೇಳಿತು. ಕೇಂದ್ರದಲ್ಲೂ ಜೊತೆಗೇ ಇರಬಹುದು ಅಂತ ಜನ ತಿಳಿದರು. ಆದರೆ ಎಷ್ಟೋ ಕೇಂದ್ರಗಳು ಪ್ರಾಣಿಗಳನ್ನು ಹೊರಗೇ ಇಡಲು ಹೇಳಿದವು. 2016ರ ಕುಮಾಮೊಟೊ ಭೂಕಂಪದ ಹೊತ್ತಲ್ಲಿ ಇದರ ಪರಿಣಾಮ ಕಂಡಿತು. ನಾಯಿ, ಬೆಕ್ಕು ಇದ್ದ ಕೆಲವರು ಕೇಂದ್ರ ಬಿಟ್ಟು ಕಾರಿನಲ್ಲೇ ರಾತ್ರಿ ಕಳೆದರು. ಕಾರಿನಲ್ಲಿ ಮಡಚಿ ಕೂತೇ ದಿನ ದೂಡಿದ ಸಂತ್ರಸ್ತರಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ತೊಂದರೆ ಕಾಣಿಸಿಕೊಂಡಿತು. 2018ರಲ್ಲಿ ಮಾರ್ಗಸೂಚಿಯನ್ನು ತಿದ್ದಲಾಯಿತು.

'ಕರೆತನ್ನಿ' ಅಂತ ಹೇಳಿ, ಎಲ್ಲಿ ಬಿಡಬೇಕು ಅಂತ ಹೇಳದಿದ್ದರೆ ಹೀಗಾಗುತ್ತದೆ. ನಮ್ಮಲ್ಲಿ ಆದೇಶ ಬರೆಯುವವರು ಇದನ್ನು ಗಮನಿಸಬೇಕು.

ಎಷ್ಟು ಹೊತ್ತು ಸಿಗುತ್ತದೆ

ಎಲ್ಲ ವಿಪತ್ತೂ ಒಂದೇ ಥರ ಬರುವುದಿಲ್ಲ. ಕೃಷ್ಣಾ, ಭೀಮಾ, ಘಟಪ್ರಭಾ ದಂಡೆಯಲ್ಲಿ ಸಾಮಾನ್ಯವಾಗಿ ಒಂದಿಷ್ಟು ಸಮಯ ಸಿಗುತ್ತದೆ. ಮಹಾರಾಷ್ಟ್ರದ ಕೊಯ್ನಾ, ಉಜನಿ ಜಲಾಶಯಗಳಿಂದ, ಇಲ್ಲಿ ಹಿಡಕಲ್‌ನಿಂದ ಎಷ್ಟು ಕ್ಯುಸೆಕ್ ಬಿಟ್ಟರು ಅನ್ನುವ ಸುದ್ದಿ ಬರುತ್ತದೆ, ಡಂಗುರ ಸಾರುತ್ತಾರೆ. ಇಂಥ ಕಡೆ ನಾಯಿ ಸಾಯುವುದು ಸಮಯ ಇಲ್ಲದ್ದಕ್ಕಲ್ಲ, ಹೋಗಲು ಜಾಗ ಇಲ್ಲದ್ದಕ್ಕೆ.

ಕೊಡಗಿನಲ್ಲಿ ಹಾಗಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಜನ ಉಟ್ಟ ಬಟ್ಟೆಯಲ್ಲೇ ಓಡಿದರು. ತೋಟದ ಮನೆಗಳ ನಾಯಿಗಳು, ಕೊಟ್ಟಿಗೆಯ ದನಗಳು ಉಳಿದುಹೋದವು. ಸ್ವಯಂಸೇವಕರು ಆಮೇಲೆ ಹುಡುಕಿಕೊಂಡು ಹೋಗಬೇಕಾಯಿತು. ಗುಡ್ಡದ ಊರಿನಲ್ಲಿ ಮುಖ್ಯವಾದದ್ದು ಒಂದೇ: ಜೋರು ಮಳೆಯ ರಾತ್ರಿಗಳಲ್ಲಿ ನಾಯಿಯನ್ನು ಕಟ್ಟದೇ ಮನೆಯೊಳಗೆ ಇಟ್ಟುಕೊಳ್ಳುವುದು.

ಬೆಂಗಳೂರಿನದು ಮೂರನೇ ಬಗೆ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದಾಗ ಟ್ರ್ಯಾಕ್ಟರ್ ಮೇಲೆ ಮಾಲೀಕರ ಜೊತೆ ಕೂತ ನಾಯಿಗಳ ಫೋಟೊಗಳು ಬಂದವು. ಅಲ್ಲಿ ದುಡ್ಡು ಇದ್ದವರು ನಾಯಿಯನ್ನು ಒಪ್ಪುವ ಹೋಟೆಲ್ ಹುಡುಕಬಹುದು. ಅದೇ ನೀರಿನಲ್ಲಿ ಮುಳುಗಿದ ಶೆಡ್‌ಗಳಲ್ಲಿ ಇದ್ದ ಕಟ್ಟಡ ಕಾರ್ಮಿಕರಿಗೆ, ಅವರು ಸಾಕಿದ ನಾಯಿಗೆ ಆ ದಾರಿ ಇಲ್ಲ.

ಕಟ್ಟಿದ ನಾಯಿಗೆ ಏನಾಗುತ್ತದೆ

ನಾಯಿ ಈಜುತ್ತದೆ ಅನ್ನುವ ಧೈರ್ಯ ಹಲವರಿಗೆ ಇದೆ. ಈಜುತ್ತದೆ ನಿಜ, ಆದರೆ ಗಂಟೆಗಟ್ಟಲೆ ಅಲ್ಲ. ತಣ್ಣೀರಿನಲ್ಲಿ ಮೈ ಬಿಸಿ ಇಳಿಯುತ್ತದೆ, ಕಾಲು ಸೋಲುತ್ತದೆ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳು ಬೇಗ ಉಸಿರುಗಟ್ಟುತ್ತವೆ. ಕುತ್ತಿಗೆಯಲ್ಲಿ ಸರಪಳಿ ಇದ್ದರೆ ಈಜಿನ ಪ್ರಶ್ನೆಯೇ ಇಲ್ಲ. ನೀರು ಸರಪಳಿಯ ಉದ್ದ ದಾಟಿದ ಕೂಡಲೇ ಮೇಲೆ ಬರಲು ಆಗುವುದಿಲ್ಲ. ಕಂಬಕ್ಕೆ ಸುತ್ತಿಕೊಂಡಿದ್ದರೆ ಆ ಉದ್ದವೂ ಸಿಗುವುದಿಲ್ಲ. ಹೊರಗಿನಿಂದ ಚಿಲಕ ಹಾಕಿದ ಗೂಡಿನ ಕತೆಯೂ ಇದೇ.

ಅದಕ್ಕೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ನೆರೆಗೆ ಕೊಡುವ ಸೂಚನೆಗಳಲ್ಲೇ ದನಕರು, ಪ್ರಾಣಿಗಳ ಹಗ್ಗ ಬಿಚ್ಚಿ ಅಂತ ಇದೆ. ಇದನ್ನು 'ಬಿಟ್ಟುಬಿಟ್ಟರೆ ಸಾಕು' ಅಂತ ಓದಬಾರದು. ಬಿಟ್ಟ ನಾಯಿ ದಿಬ್ಬ ಹತ್ತಿ ಬದುಕಬಹುದು, ಆದರೆ ಮನೆಯ ವಾಸನೆ ಹಿಡಿದು ನೀರಿಗೇ ವಾಪಸ್ ಬರುವುದೂ ಉಂಟು. ಉಳಿದರೆ ಹಸಿದು, ಬೇರೆ ನಾಯಿಗಳ ಗುಂಪು ಸೇರಿ, ಊರಿಗೆ ಮರಳಿದವರ ಮೇಲೆ ಬೀಳಬಹುದು. ಮೊದಲ ಆಯ್ಕೆ ಜೊತೆಗೆ ಕರೆದೊಯ್ಯುವುದು. ಅದು ಸಾಧ್ಯವೇ ಇಲ್ಲ ಅಂದಾಗ ಮಾತ್ರ ಬಿಚ್ಚಿ, ತಾರಸಿಗೆ ದಾರಿ ತೆರೆದು ಬರುವುದು. ಕಟ್ಟಿ ಬರುವುದಂತೂ ಯಾವತ್ತೂ ಬೇಡ.

ಮಳೆಗಾಲಕ್ಕೆ ಮೊದಲೇ ಆಗಬೇಕಾದದ್ದು

ನೀರು ಬಂದ ದಿನ ಮಾಡಲು ಆಗದ ಕೆಲಸ ಅಂದರೆ ಲಸಿಕೆ. ನೆರೆ ನೀರಿನಲ್ಲಿ ಇಲಿಯ ಮೂತ್ರ ಸೇರಿ ಇಲಿ ಜ್ವರ ಹರಡುತ್ತದೆ. ಅದು ನಾಯಿಗೂ ಬರುತ್ತದೆ, ನಾಯಿಯ ಮೂತ್ರದಿಂದ ಮನೆಯವರಿಗೂ ದಾಟಬಹುದು. ಇದರ ಲಸಿಕೆ ಮೊದಲ ಸಲ ಹಾಕುವಾಗ ಕೆಲವು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು. ರೇಬಿಸ್ ಲಸಿಕೆಯೂ ಹಾಕಿದ ದಿನವೇ ಕೆಲಸ ಶುರು ಮಾಡುವುದಿಲ್ಲ. ಹಾಗಾಗಿ ಏಪ್ರಿಲ್, ಮೇ ಒಳಗೆ ಮುಗಿಸಬೇಕು. ಲಸಿಕೆ ಚೀಟಿಯ ಫೋಟೊ ಮೊಬೈಲ್‌ನಲ್ಲಿ ಇದ್ದರೆ ಕೇಂದ್ರದ ಬಾಗಿಲಲ್ಲಿ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಇನ್ನೊಂದು, ನಾಯಿಯನ್ನು ಹಿಡಿಯುವ ಕಷ್ಟ. ಗುಡುಗು, ಸೈರನ್, ಅಪರಿಚಿತರ ಕೂಗಾಟಕ್ಕೆ ಹೆದರಿದ ನಾಯಿ ಮಂಚದ ಕೆಳಗೆ ನುಗ್ಗಿ ಕೂರುತ್ತದೆ. ಎಳೆದರೆ ಸಾಕಿದವರನ್ನೇ ಕಚ್ಚುತ್ತದೆ. ಬೋಟ್‌ನವರು ಅಷ್ಟು ಹೊತ್ತು ಕಾಯಲಾರರು. ಸಣ್ಣ ನಾಯಿಯನ್ನು ಬುಟ್ಟಿಯಲ್ಲೋ ಚೀಲದಲ್ಲೋ ಕೂರಲು, ದೊಡ್ಡ ನಾಯಿಯನ್ನು ಬಾಯಿಕುಕ್ಕೆ ಹಾಕಿಸಿಕೊಳ್ಳಲು ಬೇಸಿಗೆಯಲ್ಲೇ ತಿಂಡಿ ಕೊಟ್ಟು ರೂಢಿ ಮಾಡಿಸಿದ್ದರೆ ಐದು ನಿಮಿಷದ ಕೆಲಸ ಐದೇ ನಿಮಿಷದಲ್ಲಿ ಮುಗಿಯುತ್ತದೆ. ಬಾಯಿಕುಕ್ಕೆ ಇಲ್ಲದಿದ್ದರೆ ಬಟ್ಟೆಯ ಪಟ್ಟಿಯಿಂದ ಮೂತಿಯನ್ನು ಸ್ವಲ್ಪ ಹೊತ್ತು ಕಟ್ಟಬಹುದು. ಏದುಸಿರು ಬಿಡುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಕಟ್ಟಬಾರದು. ಕುತ್ತಿಗೆ ಪಟ್ಟಿಯ ಮೇಲೆ ಮಾರ್ಕರ್‌ನಲ್ಲಿ ಬರೆದ ಫೋನ್ ನಂಬರ್, ನಾಯಿಯ ಜೊತೆ ನಿಂತು ತೆಗೆಸಿಕೊಂಡ ಒಂದು ಫೋಟೊ ಇದ್ದರೆ ತಪ್ಪಿಸಿಕೊಂಡಾಗ ಇದು ನಮ್ಮದೇ ಅಂತ ತೋರಿಸಲು ಸುಲಭ.

ಕೇಂದ್ರದಲ್ಲಿ ಸಿಗುವ ಊಟದ ಬಗ್ಗೆಯೂ ಎಚ್ಚರ ಬೇಕು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ನಾಯಿಗೆ ಒಳ್ಳೆಯದಲ್ಲ, ಜಾಸ್ತಿಯಾದರೆ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಸಾರು ಬೀಳುವ ಮೊದಲೇ ಬರೀ ಅನ್ನ ತೆಗೆದಿಡುವುದು ಒಳ್ಳೆಯದು. ಕುಡಿಯಲು ಜನ ಕುಡಿಯುವ ನೀರನ್ನೇ ಕೊಡಬೇಕು. ಯಾರಿಗಾದರೂ ಕಚ್ಚಿದರೆ, ಪರಚಿದರೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಾಯಿಗೆ ಲಸಿಕೆ ಆಗಿದ್ದರೂ ಅಷ್ಟೇ.

ಯಾರು ಏನು ಮಾಡಬಹುದು

ಫ್ಲೋರಿಡಾದ ಕಾನೂನನ್ನು ಇಲ್ಲಿಗೆ ಈಗಲೇ ತರಬೇಕು ಅನ್ನುವ ಕೂಗು ನನಗೆ ಸರಿ ಕಾಣುವುದಿಲ್ಲ. ಕೇಂದ್ರದ ಬಾಗಿಲು ಮುಚ್ಚಿಟ್ಟು, ನಾಯಿ ಬಿಟ್ಟು ಬಂದದ್ದಕ್ಕೆ ಶಿಕ್ಷೆ ಕೊಟ್ಟರೆ ಬಡವರಿಗೆ ಎರಡು ಸಲ ಹೊಡೆತ. ಜನ ನಾಯಿಯನ್ನು ನಮ್ಮದೇ ಅಲ್ಲ ಅಂದುಬಿಡುತ್ತಾರೆ. ಕುತ್ತಿಗೆ ಪಟ್ಟಿಯನ್ನೂ ಬಿಚ್ಚಿಬಿಡುತ್ತಾರೆ. ಆಗ ಹುಡುಕಿ ಮನೆಗೆ ಸೇರಿಸುವುದು ಇನ್ನೂ ಕಷ್ಟ.

ಅದಕ್ಕಿಂತ ಮೊದಲು ಆಗಬಹುದಾದ ಕೆಲಸಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಪ್ರತಿ ವರ್ಷ ಮುಂಗಾರಿಗೆ ಮೊದಲು ಜಿಲ್ಲಾಧಿಕಾರಿಗಳು ಸಿದ್ಧತಾ ಸಭೆ ನಡೆಸುತ್ತಾರೆ. ಯಾವ ಶಾಲೆ ಕಾಳಜಿ ಕೇಂದ್ರ, ಎಷ್ಟು ಬೋಟ್, ಎಷ್ಟು ಮೇವು ಅಂತ ಅಲ್ಲೇ ತೀರ್ಮಾನವಾಗುತ್ತದೆ. ಪಶುಸಂಗೋಪನಾ ಇಲಾಖೆಯವರೂ ಅಲ್ಲಿರುತ್ತಾರೆ. ಪ್ರತಿ ಕೇಂದ್ರದಲ್ಲಿ ಸಾಕುಪ್ರಾಣಿಗಳಿಗೆ ಜಾಗ ಎಲ್ಲಿ, ಬಂದ ದಿನವೇ ಅವನ್ನು ತಪಾಸಣೆ ಮಾಡುವವರು ಯಾರು, ಬೋಟ್‌ನಲ್ಲಿ ಕರೆತರಲು ಏನು ಷರತ್ತು ಅನ್ನುವ ಮೂರು ಸಾಲು ಆ ಆದೇಶಕ್ಕೆ ಸೇರಿದರೆ ಬೋಟ್ ನಡೆಸುವವರು, ಶಾಲೆಯ ಬೀಗದ ಕೈ ಇಟ್ಟುಕೊಂಡವರು ಅವತ್ತಿನ ಗಡಿಬಿಡಿಯಲ್ಲಿ ತಾವೇ ತೀರ್ಮಾನ ಮಾಡುವ ಪರಿಸ್ಥಿತಿ ತಪ್ಪುತ್ತದೆ. 1962 ಸಂಖ್ಯೆಗೆ ಫೋನ್ ಮಾಡಿದರೆ ಮನೆ ಬಾಗಿಲಿಗೆ ಬರುವ ಪಶು ಚಿಕಿತ್ಸೆಯ ವಾಹನ, ಪಶು ಸಂಜೀವಿನಿ, ಈಗಾಗಲೇ ಇದೆ. ನೆರೆಯ ವಾರದಲ್ಲಿ ಅದು ಕೇಂದ್ರಗಳಿಗೂ ಒಂದು ಸುತ್ತು ಬರಬಹುದು.

ಪರಿಹಾರದ ಪಟ್ಟಿಗೆ ಕುರಿ ಕಾಯುವ ನಾಯಿಯನ್ನು ಸೇರಿಸುವುದು ಕೇಂದ್ರ ಸರ್ಕಾರದ ಕೆಲಸ, ಅದಕ್ಕೆ ಸಮಯ ಹಿಡಿಯುತ್ತದೆ. ಆದರೆ ನದಿದಂಡೆಯ ಊರಿನವರು ಮೇ ತಿಂಗಳ ಒಳಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಬಹುದಾದದ್ದು ಸುಲಭದ್ದು: ನಮ್ಮ ಊರಿಗೆ ಯಾವ ಶಾಲೆ ಕಾಳಜಿ ಕೇಂದ್ರ, ಅದರಲ್ಲಿ ನಾಯಿ ಕಟ್ಟುವ ಜಾಗ ಯಾವುದು, ರೇಬಿಸ್ ಲಸಿಕೆ ಶಿಬಿರ ಯಾವತ್ತು. ಉತ್ತರ ಸಿಕ್ಕರೆ ಬರೆದಿಟ್ಟುಕೊಳ್ಳಿ. ಸಿಗದಿದ್ದರೆ, ನಿಮ್ಮ ನಾಯಿಯನ್ನು ಒಂದು ವಾರ ಇಟ್ಟುಕೊಳ್ಳಬಲ್ಲ ಎತ್ತರದ ಊರಿನ ನೆಂಟರೊಬ್ಬರ ಜೊತೆ ಈಗಲೇ ಮಾತಾಡಿ ಇಟ್ಟುಕೊಳ್ಳಿ.